ಕೋಲಿನ ತುದಿಯ ಟಿಕ್ಲಿ

ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಪಾರ್ವತಮ್ಮನ ಪಕ್ಕ ಕುರಿಗಾರ ಗಂಡ ಹೆಂಡತಿ ಕುಳಿತಿದ್ದರು. ಗಂಡನ ಕೋಲಿನ ತುದಿಗೆ ಹಣೆಗಿಡುವ ಒಂದು ಟಿಕ್ಲಿ ಅಂಟಿತ್ತು. ಜಗಳ ಕಿವಿಗೆ ಬಿದ್ದದ್ದೇ, ಬಸ್ಸು ತಡವಾಗಿಯೇ ಬರಲಿ ಎಂದುಕೊಂಡಳು ಪಾರ್ವತಮ್ಮ.

“ಕಾರಹುಣ್ಣಿಮೇಲಿ ಈ ಟಿಕ್ಲಿ ಚಂದ್ರನ್ನ ಪೂರಾ ಮುಚ್ಚಿತ್ತು. ನಿನ್ನೆ ಬನದ ಹುಣ್ಣಿಮೇಲಿ ಸುತ್ತ ಬೆಳಕು ಇಣುಕ್ತು,” ಎಂದಳು ಹೆಂಡತಿ.

“ನೀನು ಕೋಲು ದೂರ ಹಿಡಿದಿದ್ದೆ ಕಣೆ ಬರಗೇರಮ್ಮ.”

“ಎರಡು ಸಲಾನೂ ಬುಡ ಕೆನ್ನೆಗೇ ಒತ್ಕಂಡಿದ್ದೆ. ಕೋಲು ಬೆಳೀತಾ?”

“ಟಿಕ್ಲಿ ಸವೆದಿರಬೇಕು.”

“ಅದೇನು ಸೋಪಾ?”

ಪಾರ್ವತಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ಹಂಗಾದ್ರೆ ಚಂದ್ರ ಹತ್ರ ಬಂದವ್ನೆ ಅಂತೀಯಾ?”

“ಬರ್ತಾನೆ, ಹೋಗ್ತಾನೆ. ನಿನ್ನಂಗೆ ಒಂದೇ ಕಡೆ ಕುಂತಿರ್ತಾನಾ? ಚಂದ್ರನ ಅಳತೆ ಬದಲಾದ್ರೆ ನಾನೇ ಮುದ್ದೆ ಮಾಡ್ತೀನಿ ಅಂದೋರು ಯಾರು?”

“ಆತು, ಇವತ್ತಿಂದ ಮಾಡ್ತೀನಿ. ಅವನು ಸಣ್ಣಗಾದ ಮೇಲೆ ನನ್ನ ಬಿಟ್ಬಿಡಬೇಕು.”

“ಸಣ್ಣಗಾದ್ರೂ ಬದಲಾದಂಗೇ ಅಲ್ವಾ?”

ಹೊಸದುರ್ಗದ ಬಸ್ಸು ಬಂತು. ಹೆಂಡತಿ ಮುಂದೆ ಹತ್ತಿದಳು. ಹಿಂದಿದ್ದ ಗಂಡ ಸದ್ದಿಲ್ಲದೆ ಉಗುರಿನಿಂದ ಟಿಕ್ಲಿ ಕೆರೆಯತೊಡಗಿದ.

ಆಕೆ ತಿರುಗಿಯೂ ನೋಡಲಿಲ್ಲ.

“ಕಿತ್ತಾಕು. ಅದೇ ಅಳತೇದು ಮನೇಲಿ ಇಡೀ ಪಾಕೀಟು ಐತೆ.”