ಎರಡನೇ ಕಂಬ

ನಗೋರು ಈಗ್ಲೇ ನಕ್ಕುಬಿಡಿ. ನಡುವೆ ಬಾಯಿ ಹಾಕಿದ್ರೆ ನಾನು ಮುಂದೆ ಹೇಳೋಳಲ್ಲ... ಇದು ನಡೆದದ್ದು ನನ್ನ ದೊಡ್ಡಮ್ಮನ ಮಗಳು ರೋವೆನಾಗೆ.

ಅವತ್ತು ಅವಳು ಸಾವಿನ ಮನೆಯಿಂದ ಬರ್ತಿದ್ದಳು. ರಾತ್ರಿ ಹನ್ನೊಂದೂವರೆ, ಜಿಟಿಜಿಟಿ ಮಳೆ. ಸತ್ತವರು ಮಾಂಗ್ ಡೆನ್ಸಿಯೊ, ಅವಳ ಆಫೀಸಿನ ಹಿರಿಯರು. ಮಾಂಗ್ ಅಂದ್ರೆ ನಮ್ಮಲ್ಲಿ ದೊಡ್ಡವರನ್ನ ಮರ್ಯಾದೆಯಿಂದ ಕರೆಯೋ ಮಾತು. ಚರ್ಚಿನ ಗುಡ್ಡದ ಮೇಲೆ ಅವರ ಮನೇಲಿ, ಹೆಣ ಕೆಡದ ಹಾಗೆ ಮದ್ದು ಹಾಕಿ ಪೆಟ್ಟಿಗೇಲಿ ಇಟ್ಟು ಮೂರು ದಿನ ಆಗಿತ್ತು. ಒಳ್ಳೆ ಅಂಗಿ, ಬಿಳಿ ಸಾಕ್ಸು. ಬೂಟು ಇಲ್ಲ. ನಮ್ಮಲ್ಲಿ ಹೆಣಕ್ಕೆ ಬೂಟು ಹಾಕಲ್ಲ, ಸತ್ತವರು ಓಡಾಡೋ ಸದ್ದು ಮನೆಯವರಿಗೆ ಕೇಳಬಾರದು ಅಂತ.

ಇನ್ನೊಂದು ಇದೆ. ಹೆಣ ನೋಡಿದವರು ನೆಟ್ಟಗೆ ಮನೆಗೆ ಹೋಗಬಾರದು. ಎಲ್ಲಾದರೂ ಒಂದು ಗಳಿಗೆ ನಿಂತು ಹೋಗಬೇಕು, ಇಲ್ಲದಿದ್ದರೆ ಸತ್ತವರು ಹಿಂದೇನೇ ಮನೆಗೆ ಬರ್ತಾರೆ. ಎಲ್ಲರೂ ಮೂಲೆ ಅಂಗಡೀಲಿ ಕಾಫಿ ಕುಡಿದು ಹೋಗ್ತಾರೆ. ಅವತ್ತು ಮಳೆಗೆ ಅಂಗಡಿ ಮುಚ್ಚಿತ್ತು. ರೋವೆನಾ ಆಫೀಸಿಗೇ ಹೋಗಿ ಐದು ನಿಮಿಷ ಕೂತು ಬರೋಣ ಅಂದುಕೊಂಡಳು. ಎಂಥಾ ಬುದ್ಧಿ ನೋಡಿ! ಸತ್ತವರನ್ನ ಅವರ ಕುರ್ಚಿ ಹತ್ರಾನೇ ಕರ್ಕೊಂಡು ಹೋದ ಹಾಗಾಯ್ತು.

ನಗರಸಭೆ ಹಿಂದಿನ ಆಲದ ಮರದ ಕೆಳಗೆ ಬಂದಾಗ ಕೇಳಿಸ್ತು. ಪಚ್... ಪಚ್... ಚಪ್ಪಲಿ ಸದ್ದಲ್ಲ. ಒದ್ದೆ ಬಟ್ಟೆ ಸಿಮೆಂಟಿಗೆ ಮೆತ್ತಗೆ ತಾಗಿದ ಹಾಗೆ. ಅವಳು ನಿಂತಳು. ಅದೂ ನಿಲ್ತು. ತಿರುಗಿ ನೋಡೋ ಧೈರ್ಯ ಬರಲಿಲ್ಲ.

ಆಫೀಸು ಅಂದ್ರೆ ಹೊಳೆ ಕಾಯೋ ಕೋಣೆ. ಗೋಡೆ ಮೇಲೆ ದೊಡ್ಡ ಸ್ಕ್ರೀನು. ಹೊಳೇಲಿ ಎರಡು ಅಳತೆ ಕಂಬ, ಸೇತುವೆ ಹತ್ರ ಒಂದು, ಮೇಲೆ ಬೆಟ್ಟದ ಬುಡದಲ್ಲಿ ಎರಡನೆಯದು. ಬೆಟ್ಟದ ನೀರು ಮೊದಲು ತಟ್ಟೋದು ಆ ಎರಡನೆಯದಕ್ಕೆ. ಅವುಗಳ ಲೆಕ್ಕ ಸ್ಕ್ರೀನಿನಲ್ಲಿ ಗೆರೆಯಾಗಿ ಓಡುತ್ತೆ. ಗೆರೆ ನೋಡಿದ್ರೆ ಜನಕ್ಕೇನು ತಿಳಿಯುತ್ತೆ? ಅದಕ್ಕೇ ಇಪ್ಪತ್ತೆರಡು ವರ್ಷ ಮಾಂಗ್ ಡೆನ್ಸಿಯೊ ಹೊಳೆಗೆ ಇಳಿದು ನೋಡ್ಕೊಂಡು ಬಂದು, ಕೆಳಗೆ ಎರಡು ಸಾಲು ಬರೀತಿದ್ದರು. ಎರಡು ತಿಂಗಳ ಹಿಂದೆ ರೋವೆನಾ ಕಂಪ್ಯೂಟರಿಗೇ ಮೂವತ್ತು ವಾಕ್ಯ ಕಲಿಸಿದಳು. ಗೆರೆ ನೋಡಿ ಅದೇ ಒಂದನ್ನ ಆರಿಸಿ ಬರೀತಿತ್ತು. ಮುದುಕರ ಕೆಲಸ ಹೋಯ್ತು. ಹೋಗೋ ದಿನ ಅವರು ಕೇಳಿದ್ದು ಒಂದೇ ಮಾತು.

“ಇದರ ಕಾಲು ಒಂದ್ಸಲಾನಾದ್ರೂ ಒದ್ದೆ ಆಗಿದ್ಯಾ, ಮಗಳೇ?”

ಆ ಮಾತು ಅವಳಿಗೆ ಅವತ್ತಿಂದ ಚುಚ್ತಾನೇ ಇತ್ತು.

ಒಳಗೆ ಕಾವಲಿನ ಬೋಯೆಟ್ ಒಬ್ಬನೇ ಇದ್ದ. ಸ್ಕ್ರೀನಿನಲ್ಲಿ ಎರಡೂ ಗೆರೆ ಚಾಪೆ ಹಾಸಿದ ಹಾಗೆ ಮಲಗಿದ್ದವು. ಕೆಳಗೆ, ನೀರಿನ ಮಟ್ಟ ಸ್ಥಿರವಾಗಿದೆ, ಎಚ್ಚರಿಕೆ ಅಗತ್ಯವಿಲ್ಲ ಅಂತ ಇತ್ತು. ರೋವೆನಾ ಉಸಿರು ಬಿಟ್ಟು ಕೂತಳು. ಆಗ ಪಕ್ಕದ ಖಾಲಿ ಕುರ್ಚಿ ಕಿರ್ರ್ ಅಂತು...

ಸ್ಕ್ರೀನಿನ ಕೆಳಗಿದ್ದ ಅಕ್ಷರ ಅಳಿಸಿಹೋದವು. ಹೊಸವು ಬಂದವು, ಒಂದೊಂದಾಗಿ, ಒಂದೇ ಬೆರಳಲ್ಲಿ ಒತ್ತೋರ ಹಾಗೆ ತಡೆದು ತಡೆದು.

ಎರಡನೇ ಕಂಬ ನಂಬಬೇಡಿ. ಬಾಳೆ ದಿಂಡು ಸಿಕ್ಕಿಕೊಂಡಿದೆ. ಮಕ್ಕಳನ್ನ ಎಬ್ಬಿಸಿ.

ಅವಳು ಕಲಿಸಿದ ಮೂವತ್ತರಲ್ಲಿ ಇದಿರಲಿಲ್ಲ.

“ಬೋಯೆಟ್... ಇದನ್ನ ನೀನು ಬರೆದ್ಯಾ?”

“ನಂಗೆಲ್ಲಿ ಬರುತ್ತಕ್ಕ...” ಅವನು ಸ್ಕ್ರೀನು ನೋಡ್ತಿರಲಿಲ್ಲ. ಕುರ್ಚಿ ನೋಡ್ತಿದ್ದ.

ಹಿಂದಿನ ತಿಂಗಳು ಅವಳು ಸುಮ್ಸುಮ್ನೆ ಸೈರನ್ ಕೂಗಿಸಿ ಊರೆಲ್ಲ ಮಳೇಲಿ ಓಡಿತ್ತು. ಇನ್ನೊಂದ್ಸಲ ಹೀಗಾದ್ರೆ ಮನೆಗೆ ಹೋಗು ಅಂತ ಮೇಯರ್ ಎಲ್ಲರೆದುರು ಬೈದಿದ್ದರು. ಗಂಡ ಇಲ್ಲದ ಮನೆ, ಆ ಸಂಬಳವೇ ಗತಿ. ಆದರೆ ಹೊಳೆ ಪಕ್ಕದ ಓಣೀಲಿ, ಅಜ್ಜಿ ಮನೆ ನೆಲದ ಮೇಲೆ, ಅವಳ ಆರು ವರ್ಷದ ಮಗಳು ಮಲಗಿತ್ತು. ಫೋನ್ ಮಾಡಿದಳು. ಟ್ರಿಣ್... ಟ್ರಿಣ್... ಯಾರೂ ಎತ್ತಲಿಲ್ಲ. ಗೆರೆ ಇನ್ನೂ ಮಲಗೇ ಇತ್ತು.

ಹೋದ್ರೆ ಹೋಗ್ಲಿ ಕೆಲಸ ಅಂತ ಸೈರನ್ ಗುಂಡಿ ಒತ್ತಿದಳು.

ಜನ ಶಪಿಸ್ತಾ ಚರ್ಚಿನ ಗುಡ್ಡ ಹತ್ತಿದರು. ಸರಿಯಾಗಿ ನಲವತ್ತು ನಿಮಿಷಕ್ಕೆ ನೀರು ಬಂತು. ಆ ಓಣೀಲಿ ಒಂದು ಗೋಡೇನೂ ಉಳಿಯಲಿಲ್ಲ. ಮಗಳು ಅಜ್ಜಿ ಹೆಗಲ ಮೇಲೆ ನಿದ್ದೆ ಮಾಡ್ತಾ ಗುಡ್ಡದ ಮೇಲಿತ್ತು. ನೀರಿಳಿದ ಮೇಲೆ ಎರಡನೇ ಕಂಬ ನೋಡೋಕೆ ಹೋದರು. ನೀರಿನ ಜೊತೆ ಏರಿಳಿದು ಲೆಕ್ಕ ಕಳಿಸೋ ತೇಲುಗುಂಡು ಅಲ್ಲಾಡದ ಹಾಗೆ ಬಾಳೆ ದಿಂಡು ಸಿಕ್ಕಿಕೊಂಡಿತ್ತು.

ಇದೆಲ್ಲ ಕಂಪ್ಯೂಟರಿನ ಎಡವಟ್ಟು ಅಂತೀರಾ? ಅನ್ನಿ. ಮೂರು ದಿನ ಬಿಟ್ಟು ಮಣ್ಣಿಗೆ ಒಯ್ಯೋವಾಗ ಮಾಂಗ್ ಡೆನ್ಸಿಯೊ ಅವರ ಹೆಂಡತಿ ಪೆಟ್ಟಿಗೆ ಪೂರ್ತಿ ತೆಗೆಸಿ ನೋಡಿದರು. ಹೊಸ ಸಾಕ್ಸು ತರಿಸಿ ತೊಡಿಸಿದರು. ಗುಡ್ಡದ ಮೇಲಿನ ಆ ಮನೆಗೆ ಒಂದು ಹನಿ ನೀರು ನುಗ್ಗಿರಲಿಲ್ಲ, ನಾನೇ ಅಲ್ಲಿದ್ದೆ. ಹಳೇ ಸಾಕ್ಸು ನನ್ನ ಕೈಗೆ ಕೊಟ್ಟು ಒಗೆದು ಹಾಕು ಅಂದರು. ಒಗೆದವಳು ನಾನು, ಕೇಳಿ. ಎರಡೂ ಒದ್ದೆ ಇದ್ದವು. ಬಲಗಾಲಿನದರ ಹಿಮ್ಮಡಿಗೆ ಬಾಳೆ ನಾರು ಅಂಟಿತ್ತು.