ಎರಡು ಒತ್ತಿ, ಮಾವ

ಹಲೋ... ಹಾಂ, ಹಲೋ. ಯಾರು ಮಾತಾಡ್ತಿರೋದು?

... ಯಾರು? ಸ್ವಲ್ಪ ಬಿಡಿಸಿ ಹೇಳಿ. ಬಾಯಲ್ಲಿ ಏನೋ ಇಟ್ಕೊಂಡು ಮಾತಾಡಿದ ಹಾಗಿದೆ.

... ಅಳಿಯ ಬೇಕಾ? ಯಾರ ಅಳಿಯ? ಇದು ಆಫೀಸು ಸ್ವಾಮಿ. ಇಲ್ಲಿ ಕೂತಿರೋ ಹನ್ನೊಂದು ಜನದಲ್ಲಿ ಏಳು ಜನ ಯಾರದ್ದಾದ್ರೂ ಅಳಿಯಂದಿರೇ. ಯಾವ ಮಾವನ ಅಳಿಯ ಅಂತ ಹೇಳಿ, ಕರೀತೀನಿ.

... ಓ. ಮಾವ, ನೀವಾ. ಗೊತ್ತಾಗ್ಲಿಲ್ಲ ಮಾವ, ಧ್ವನಿ ಬೇರೆ ಥರ ಇದೆ. ಮೊಬೈಲಿಗೆ ಮಾಡೋದಲ್ವಾ? ... ಹದಿನಾಲ್ಕು ಸಲ ಮಾಡಿದ್ರಾ. ಮೊಬೈಲು ಡ್ರಾಯರಲ್ಲಿ ಹಾಕಿ ಬೀಗ ಹಾಕಿದೀನಿ ಮಾವ. ಮೂರು ಗಂಟೆಗೆ ಒಂದು ಕೆಲಸ ಮುಗಿಸಿ ಕೊಡಬೇಕು, ಈಗಾಗಲೇ ಎರಡೂಕಾಲು. ನಾಲ್ಕು ದಿನದಿಂದ ಒಂದೇ ಒಂದು ಟೆಸ್ಟು ಕೆಂಪು ಬರ್ತಿದೆ, ತಲೆ ಕೆಟ್ಟು ಹೋಗಿದೆ. ಇವತ್ತೂ ಆಗದಿದ್ರೆ ಈ ಕೆಲಸ ಬೇರೆಯವನಿಗೆ ಕೊಡ್ತೀನಿ ಅಂದಿದಾರೆ ಮ್ಯಾನೇಜರು. ಬೇಗ ಹೇಳಿ, ಏನು ವಿಷಯ?

... ನಾಲ್ಕು ಗಂಟೆಗೆ ಬಂದು ಕರ್ಕೊಂಡು ಹೋಗಬೇಕಾ? ಎಲ್ಲಿಂದ?

... ಹಲ್ಲಿನ ಡಾಕ್ಟ್ರ ಹತ್ರ ಇದೀರಾ. ಯಾವ ಡಾಕ್ಟ್ರು? ನಾವು ಕಂಪ್ಯೂಟರ್ ಪ್ರೋಗ್ರಾಂ ಮಾಡಿ ಕೊಟ್ಟಿದೀವಲ್ಲ, ಅವರಾ? ... ಒಳ್ಳೇದಾಯ್ತು, ಒಳ್ಳೆ ಡಾಕ್ಟ್ರು. ಯಾರಿಗೆ ಹಲ್ಲು ನೋವು, ಅತ್ತೆಗಾ?

... ನಿಮಗಾ?

... ಮಾವ, ನಿಮಗೆ ಎಪ್ಪತ್ನಾಲ್ಕು ವರ್ಷ, ಮೂವತ್ತೆರಡು ಹಲ್ಲು. ಮದುವೆಗೆ ಮುಂಚೆ ನಮ್ಮ ಮನೆಯವರು ನಿಮ್ಮ ಬಗ್ಗೆ ವಿಚಾರಿಸಿದಾಗ ಎಲ್ಲರೂ ಮೊದಲು ಹೇಳಿದ್ದು ಆ ಹಲ್ಲಿನ ವಿಷಯ. ಬಸ್ಸಿನ ಚಕ್ರದ ನಟ್ಟು ಸಡಿಲ ಆಗಿ, ಸ್ಪ್ಯಾನರ್ ಸಿಗದೆ, ಕಂಡಕ್ಟ್ರಾಗಿದ್ದ ನೀವು ಕೆಳಗಿಳಿದು ಹಲ್ಲಲ್ಲೇ ಬಿಗಿ ಮಾಡಿ ರೈಟ್ ಅಂದ್ರಂತೆ. ಆ ಬಾಯಿಗೇನಾಯ್ತು?

... ಕೀಳಿಸೋಕೆ ಹೋಗಿದೀರಾ. ಯಾವುದನ್ನ?

... ಎಡಗಡೆ. ಕೆಳಗೆ. ಕೊನೆಯಿಂದ ಎರಡನೇದು.

... ತಡೀರಿ. ಯೋಚನೆ ಮಾಡ್ತಿದೀನಿ. ಈ ಮಾತು ಎಲ್ಲೋ ಬರೆದ ಹಾಗಿದೆ. ಮಾವ, ಆ ಹಲ್ಲು ಕೀಳಬೇಕು ಅಂತ ನಿಮಗೆ ಯಾರು ಹೇಳಿದ್ರು?

... ಫೋನ್ ಬಂತಾ. ಒಬ್ಬಳು ಹೆಂಗಸು. ಏನಂದ್ಲು? ... ‘ನಮಸ್ಕಾರ, ನಿಮ್ಮ ಹಲ್ಲು ಕೀಳುವ ಸಮಯ ನಿಗದಿಯಾಗಿದೆ. ಬರುವುದಾದರೆ ಒಂದು ಒತ್ತಿ, ಬಾರದಿದ್ದರೆ ಎರಡು ಒತ್ತಿ.’ ಹಾಗೇ ಅಂದ್ಲಾ? ಒಂದಕ್ಷರ ಹೆಚ್ಚುಕಮ್ಮಿ ಇಲ್ದೆ?

... ಎಷ್ಟು ಸಲ ಬಂತು?

... ನಲವತ್ತಾರು.

... ಏನಿಲ್ಲ ಮಾವ, ಟೀ ಲೋಟ ಬಿತ್ತು. ನೀವು ಎಲ್ಲಿ ಕೂತಿದೀರಿ ಹೇಳಿ. ಹೊರಗಡೆ ಬೆಂಚಿನ ಮೇಲೆ ತಾನೆ?

... ಒಳಗಾ. ಹಿಂದಕ್ಕೆ ಬಾಗುತ್ತಲ್ಲ, ಆ ಕುರ್ಚಿ ಮೇಲಾ. ... ಇಂಜೆಕ್ಷನ್ನೂ ಕೊಟ್ಟಾಯ್ತಾ? ಅದಕ್ಕೇನಾ ಮಾತು ಹೀಗೆ ಬರ್ತಿರೋದು. ಡಾಕ್ಟ್ರೆಲ್ಲಿ? ... ಪಕ್ಕದ ಕೋಣೆಯಲ್ಲಿ ಕೈ ತೊಳೀತಿದಾರೆ. ಸರಿ. ಮಾವ, ನಾನು ಹೇಳೋದು ಕೇಳಿ. ಎದ್ದು ಬನ್ನಿ.

... ನಿಮ್ಮ ಹಲ್ಲಿಗೆ ಏನೂ ಆಗಿಲ್ಲ. ಆ ಫೋನು ಮಾಡಿಸಿದ್ದು ನಾನು.

... ಬೇಕಂತ ಮಾಡ್ತೀನಾ ಮಾವ? ಹಳೇ ಸಿಟ್ಟು ಎಂಥದ್ದೂ ಇಲ್ಲ. ಅದು ಟೆಸ್ಟು. ... ಟೆಸ್ಟು ಅಂದ್ರೆ, ಹೇಗೆ ಹೇಳ್ಲಿ. ನಾನೊಂದು ಪ್ರೋಗ್ರಾಂ ಬರೀತೀನಿ. ಅದು ಹೇಳಿದ ಹಾಗೆ ಕೇಳುತ್ತಾ ಅಂತ ನೋಡೋಕೆ ಇನ್ನೊಂದು ಪುಟ್ಟ ಪ್ರೋಗ್ರಾಂ ಬರೀತೀನಿ, ಅದೇ ಟೆಸ್ಟು. ಕೇಳಿದ್ರೆ ಹಸಿರು, ಕೇಳದಿದ್ರೆ ಕೆಂಪು. ... ಹಾಂ, ರಸ್ತೆ ಸಿಗ್ನಲ್ ಥರಾನೇ. ಆ ಟೆಸ್ಟಿಗೆ ಒಬ್ಬ ರೋಗಿ ಬೇಕು, ಒಂದು ಫೋನ್ ನಂಬರ್ ಬೇಕು. ನನಗೆ ಬಾಯಿಪಾಠ ಇರೋದು ನಿಮ್ಮ ನಂಬರ್ ಒಂದೇ. ಹಾಕಿದೆ. ಹೆಸರಿನ ಜಾಗದಲ್ಲಿ ಮಾವ ಅಂತ ಹಾಕಿದೆ. ಯಾವ ಹಲ್ಲು ಅಂತ ಕೇಳ್ತು, ಕಣ್ಣು ಮುಚ್ಚಿ ಯಾವುದೋ ಒಂದು ಹಾಕಿದೆ.

... ನರ್ಸು ಹೊರಗೆ ಬಂದು ‘ಮಾವ ಅನ್ನೋರು ಯಾರು’ ಅಂತ ಕೂಗಿದ್ಲಾ. ನೀವು ಎದ್ದು ನಿಂತ್ರಾ. ... ಇನ್ನೂ ಇಬ್ಬರು ನಿಂತ್ರಾ. ಇರಲಿ.

... ಹೌದು, ನಿಜವಾದ ಫೋನು ಹೋಗಬಾರದಿತ್ತು. ಅದಕ್ಕಂತಲೇ ಒಂದು ಸುಳ್ಳು ಫೋನು, ಒಂದು ಸುಳ್ಳು ರಿಜಿಸ್ಟರು ಮಾಡಿಟ್ಟಿದ್ದೆ ಮಾವ. ಟೆಸ್ಟು ಅದರ ಜೊತೆ ಆಟ ಆಡ್ಕೊಂಡಿರುತ್ತೆ, ಯಾರ ಹಲ್ಲಿಗೂ ತೊಂದರೆ ಇಲ್ಲ. ಆದ್ರೆ ನಮ್ಮಲ್ಲಿ ಒಬ್ಬ ಇದಾನೆ, ಪೊರಕೆ ಅಂತ ಕರೀತೀವಿ. ... ಹಾಂ, ಗುಡಿಸೋ ಪೊರಕೆನೇ. ಎಲ್ಲರ ಕೋಡೂ, ಅಂದ್ರೆ ನಾವು ಬರೆದ ಪ್ರೋಗ್ರಾಂಗಳನ್ನ, ಚೊಕ್ಕ ಮಾಡ್ತಾ ಓಡಾಡ್ತಾನೆ. ಕಳೆದ ವಾರ ನನ್ನದನ್ನ ಓದಿದಾನೆ. ಇದೇನಿದು ಸುಳ್ಳು ಫೋನು, ಯಾಕಿದೆ ಅಂತ ಎಲ್ಲೂ ಬರೆದಿಲ್ಲ ಅಂತ ಗುಡಿಸಿ ಹಾಕಿದಾನೆ. ಈಗ ಇಲ್ಲೇ ತೆರೆ ಮೇಲೆ ನೋಡ್ತಿದೀನಿ. ಬೇಡದ ಕಸ ತೆಗೆದಿದೆ ಅಂತ ಷರಾ ಬೇರೆ ಬರೆದಿಟ್ಟಿದಾನೆ. ಅದು ಹೋದ ಮೇಲೆ ಟೆಸ್ಟು ನಿಮ್ಮ ನಿಜವಾದ ಫೋನಿಗೆ, ಡಾಕ್ಟ್ರ ನಿಜವಾದ ರಿಜಿಸ್ಟರಿಗೇ ಹೋಗಿದೆ.

... ನಾನು ಯಾಕೆ ಬರೆದಿಟ್ಟಿರಲಿಲ್ಲ ಅಂದ್ರೆ... ಚೊಕ್ಕವಾದ ಕೋಡಿಗೆ ವಿವರಣೆ ಬೇಕಾಗಲ್ಲ, ಓದಿದ್ರೆ ತಾನಾಗೇ ತಿಳೀಬೇಕು ಅಂತ ಹತ್ತು ವರ್ಷದಿಂದ ಇಲ್ಲಿ ಎಲ್ಲರ ತಲೆ ತಿಂದೋನು ನಾನೇ. ... ಬೈಯಿರಿ ಮಾವ, ಆಮೇಲೆ ಬೇಕಾದಷ್ಟು ಬೈಯಿರಿ. ಮೊದಲು ಕುರ್ಚಿ ಬಿಡಿ.

... ನೋವಿದೆಯಾ? ನಿಜವಾಗ್ಲೂ? ಯಾವಾಗಿಂದ? ... ಇಪ್ಪತ್ತನೇ ಫೋನಿನಿಂದ. ಮಾವ, ದಿನಕ್ಕೆ ಹನ್ನೆರಡು ಸಲ ಫೋನ್ ಮಾಡಿ ಹಲ್ಲು ಹಲ್ಲು ಅಂದ್ರೆ ಬಾಗಿಲಿಗೂ ಹಲ್ಲು ನೋವು ಬರುತ್ತೆ.

... ಒಂದು ನಿಮಿಷ ಇರಿ. ನಲವತ್ತಾರು ಸಲವೂ ನೀವೇ ಎತ್ತಿದ್ರಾ? ಎತ್ತಿ ಏನು ಒತ್ತಿದ್ರಿ?

... ಒಂದು. ಪ್ರತಿ ಸಲಾನೂ. ... ಕನ್ನಡಕ ಹುಡುಕಿ, ಒರೆಸಿ, ಹಾಕ್ಕೊಂಡು, ಒಂದು.

... ಇಲ್ಲ, ಸಿಟ್ಟು ಮಾಡ್ಕೊಳ್ತಿಲ್ಲ. ಮೆಲ್ಲಗೇ ಹೇಳ್ತಿದೀನಿ. ನಾನು ಈ ವಾರ ಬರೀತಿರೋದು ರದ್ದು ಮಾಡೋ ಸೌಲಭ್ಯ ಮಾವ. ರೋಗಿ ಎರಡು ಒತ್ತಿದ್ರೆ ಅವರ ಸಮಯ ರದ್ದಾಗಬೇಕು, ಅಷ್ಟೇ. ಆ ಸುಳ್ಳು ಫೋನಾಗಿದ್ರೆ ತಾನಾಗೇ ಎರಡು ಒತ್ತುತ್ತಿತ್ತು. ಬರೆದೆ. ಟೆಸ್ಟ್ ಓಡಿಸಿದೆ, ರದ್ದಾಗಲಿಲ್ಲ, ಕೆಂಪು. ಬಿಚ್ಚಿ ಮತ್ತೆ ಬರೆದೆ, ಕೆಂಪು. ಬುಡದಿಂದ ಮೂರು ಸಲ ಬರೆದಿದೀನಿ. ಸಾಲು ಸಾಲಾಗಿ ಪ್ರಿಂಟ್ ತೆಗೆದು ನಡುಮನೆ ನೆಲದ ಮೇಲೆ ಹಾಸ್ಕೊಂಡು ಮಂಡಿಯೂರಿ ಓದಿದೀನಿ, ನಿಮ್ಮ ಮಗಳು ದಾಟ್ಕೊಂಡು ಓಡಾಡ್ತಿದ್ಲು. ನಿನ್ನೆ ಹಟಕ್ಕೆ ಬಿದ್ದು, ಒಂದಕ್ಷರಾನೂ ಬದಲಾಯಿಸದೆ ಹದಿನೆಂಟು ಸಲ ಓಡಿಸಿದೆ. ... ಹಾಂ, ನಿನ್ನೆ ನಿಮಗೆ ಸ್ನಾನ ಮಾಡೋಕೂ ಬಿಡಲಿಲ್ಲ ಅಲ್ವಾ. ಅದು ನಾನೇ. ಒಂದು ಟೆಸ್ಟಿಗೆ ನಲವತ್ತು ಸೆಕೆಂಡ್ ಯಾಕೆ ಹಿಡಿಯುತ್ತೆ ಅಂತ ಒಂದು ಪೂರ್ತಿ ದಿನ ಕಂಪ್ಯೂಟರ್ ಬಿಚ್ಚಿ ಧೂಳು ಊದಿದೆ. ಅದು ನಿಮ್ಮ ಕನ್ನಡಕ ಮಾವ.

... ನನ್ನ ಕೋಡಲ್ಲಿ ತಪ್ಪೇ ಇರಲಿಲ್ಲ. ತಪ್ಪು ನೀವು. ... ಹಾಗಲ್ಲ, ಮರ್ಯಾದೆ ಕಮ್ಮಿ ಮಾಡಿ ಹೇಳಿದ್ದಲ್ಲ.

ಹಾಂ ಸಾರ್, ಎರಡೇ ನಿಮಿಷ, ಗ್ರಾಹಕರ ಫೋನು... ಇಲ್ಲ ಮಾವ, ನಿಮಗಲ್ಲ, ಮ್ಯಾನೇಜರಿಗೆ ಹೇಳಿದ್ದು. ಬರಲ್ಲ ಅಂತ ಎರಡು ಒತ್ತೋಕೆ ನಿಮಗೇನು ಕಷ್ಟ ಇತ್ತು?

... ಅಷ್ಟು ಮರ್ಯಾದೆಯಿಂದ ಕರೆದಾಗ ಬರಲ್ಲ ಅನ್ನೋದು ಹೇಗೆ ಅಂತೀರಾ. ಮಾವ, ಅದು ನಿಮ್ಮ ಮಗಳ ಧ್ವನಿ. ನಮ್ಮ ಅಡುಗೆಮನೆಯಲ್ಲೇ ಕಿಟಕಿ ಮುಚ್ಚಿ ರೆಕಾರ್ಡ್ ಮಾಡಿದ್ದು. ... ಗುರುತು ಸಿಗಲಿಲ್ವಾ. ... ಹೌದು, ಅವಳು ಹಾಗೆ ಮಾತಾಡಿದ್ದು ನಾನೂ ಅವತ್ತೇ ಮೊದಲು ಕೇಳಿದ್ದು.

... ಡಾಕ್ಟ್ರು ಬಂದ್ರಾ? ಬಾಯಿ ತೆಗೀಬೇಡಿ. ಫೋನ್ ಅವರಿಗೆ ಕೊಡಿ. ಕೊಡಿ ಮಾವ.

ನಮಸ್ಕಾರ ಡಾಕ್ಟ್ರೇ, ಪ್ರೋಗ್ರಾಂನವನು. ಆ ಹಲ್ಲು ಕೀಳಬೇಡಿ, ಅದು ಟೆಸ್ಟಿನ ಹಲ್ಲು. ... ಹೌದು, ಕಂಪ್ಯೂಟರಲ್ಲಿದೆ, ಹಾಕಿದ್ದೇ ನಾನು. ನೀವೇ ನೋಡಿದ್ರಲ್ಲ, ಹೇಗಿದೆ ಹಲ್ಲು? ... ಬಂಡೆ ಹಾಗಿದೆ. ಇಕ್ಕಳಕ್ಕೇ ಏನಾಗುತ್ತೋ ಅಂತ ಭಯ. ಮತ್ತೆ ಯಾಕೆ ಕೀಳ್ತೀರಿ? ... ನೋವಿದೆ ಅಂತ ರೋಗಿನೇ ಹೇಳ್ತಿದಾರೆ, ನಲವತ್ತಾರು ಸಲ ಒಪ್ಪಿಗೆ ಕೊಟ್ಟಿದಾರೆ. ಇಷ್ಟು ಗಟ್ಟಿ ಒಪ್ಪಿಗೆ ನಿಮ್ಮ ಜೀವಮಾನದಲ್ಲೇ ಕಂಡಿಲ್ಲ. ... ಹಾಂ, ಜ್ಞಾಪಕ ಇದೆ. ಬಾಯಿಮಾತು ನಂಬಬೇಡಿ, ಕಂಪ್ಯೂಟರಲ್ಲಿ ಇದ್ರೆ ಮಾತ್ರ ನಂಬಿ ಅಂತ ನಿಮಗೆ ಹೇಳ್ಕೊಟ್ಟಿದ್ದು ನಾನೇ. ನೀವು ಒಪ್ಪಿರಲಿಲ್ಲ, ನಾನು ಅರ್ಧ ಗಂಟೆ ವಾದ ಮಾಡಿದ್ದೆ. ... ಅಳಿಯ ಹೇಳಿದ್ರೆ ನಡೆಯಲ್ಲ, ರೋಗಿ ಬೇಡ ಅಂದ್ರೆ ಬಿಡ್ತೀರಿ. ಸರಿ, ನ್ಯಾಯವಾದ ಮಾತೇ. ಎರಡು ನಿಮಿಷ ಅವರಿಗೇ ಫೋನ್ ಕೊಡಿ ಡಾಕ್ಟ್ರೇ. ಇಕ್ಕಳ ಮಾತ್ರ ಕೆಳಗಿಡಿ.

... ಮಾವ, ಕೇಳಿಸ್ತಲ್ಲ? ಬೇಡ ಅಂತ ನೀವೇ ಹೇಳಬೇಕಂತೆ.

... ಪಾಪ ಅಷ್ಟು ಹೊತ್ತು ಕೈ ತೊಳೆದಿದಾರೆ, ಬೇಜಾರಾಗ್ತಾರೆ ಅಂತೀರಾ. ಅದಕ್ಕೆ ಹಲ್ಲು ಕೊಟ್ಟು ಬರ್ತೀರಾ?

... ಗೊತ್ತು ಮಾವ, ನಿಮಗೆ ಅಭ್ಯಾಸ ಇಲ್ಲ. ಮೂವತ್ತು ವರ್ಷ ಕಂಡಕ್ಟರ್ ಆಗಿದ್ರಿ, ಜಾಗ ಇಲ್ಲ ಅಂತ ಒಬ್ಬರನ್ನೂ ಬಿಟ್ಟು ಬರಲಿಲ್ಲ. ಐವತ್ತು ಸೀಟಿನ ಬಸ್ಸಿಗೆ ನೂರಾ ಅರವತ್ತು ಜನ ಹತ್ತಿಸಿ, ಕೊನೆಗೆ ಡ್ರೈವರಿಗೇ ಜಾಗ ಇಲ್ದೆ ಅವನು ಹಿಂದಿನ ಬಸ್ಸಲ್ಲಿ ಬಂದ ಅಂತ ಈಗಲೂ ಡಿಪೋದಲ್ಲಿ ಹೇಳ್ತಾರೆ. ನಾನು ಹೆಣ್ಣು ಕೇಳೋಕೆ ಬಂದಾಗ ನಿಮಗೆ ಒಂಚೂರೂ ಇಷ್ಟ ಇರಲಿಲ್ಲ. ... ಇರಲಿಲ್ಲ ಮಾವ, ಅತ್ತೆ ಹೇಳಿದಾರೆ. ಆದ್ರೂ ಬೇಡ ಅನ್ನಲಿಲ್ಲ. ಅದರಿಂದ ನನಗೆ ಒಳ್ಳೇದಾಯ್ತು, ಆ ಮಾತು ಬೇರೆ. ಈಗ ಬೇಡ ಅನ್ನದಿದ್ರೆ ನಿಮ್ಮ ಹಲ್ಲು ಹೋಗುತ್ತೆ.

... ಮೊದಲು ನನಗೆ ಹೇಳಿ, ಅಭ್ಯಾಸ ಆಗಲಿ. ಬೇಡ. ಹೇಳಿ.

... ಅದು ಕೆಮ್ಮು. ಇನ್ನೊಂದು ಸಲ.

... ‘ಬೇಡ ಅನ್ಸುತ್ತೆ, ನೀವು ಹೇಗೆ ಹೇಳಿದ್ರೆ ಹಾಗೆ’ ಅಂದ್ರೆ ಅದನ್ನ ಯಾರೂ ಬೇಡ ಅಂತ ತಿಳ್ಕೊಳ್ಳಲ್ಲ ಮಾವ. ಹಿಂದೆ ಮುಂದೆ ಏನೂ ಬೇಕಿಲ್ಲ. ಬರೀ ಬೇಡ. ... ನಾಲಿಗೆ ಮರಗಟ್ಟಿದ್ರೂ ಪರವಾಗಿಲ್ಲ, ಹೊಟ್ಟೆಯಿಂದ ಬರಲಿ. ಬಸ್ಸಿನ ಹಿಂದಿನ ಸೀಟಿಗೆ ಕೇಳಿಸಬೇಕು.

... ಹಾಂ. ಇದು. ಇಲ್ಲಿ ಪೊರಕೆಗೂ ಕೇಳಿಸ್ತು, ತಿರುಗಿ ನೋಡ್ತಿದಾನೆ.

... ಡಾಕ್ಟ್ರು ಏನಂದ್ರು? ... ಗ್ಲೌಸು ಬಿಚ್ಚಿದ್ರಾ. ಮುಂದಿನವರನ್ನ ಕರೀರಿ ಅಂದ್ರಾ. ಅಷ್ಟೇನಾ? ಬೇಜಾರು ಮಾಡ್ಕೊಳ್ಲಿಲ್ವಾ? ... ನೋಡಿದ್ರಾ. ಎಪ್ಪತ್ನಾಲ್ಕು ವರ್ಷ ಸುಮ್ನೆ ಹೆದರ್ಕೊಂಡಿದ್ರಿ.

... ಸರಿ ಮಾವ, ನಿಮ್ಮ ಹಲ್ಲು ಉಳೀತು, ಈಗ ನನ್ನದು ಕೇಳಿ. ಎರಡೂ ಐವತ್ತು ಆಯ್ತು. ಆ ಸುಳ್ಳು ಫೋನನ್ನ ಮತ್ತೆ ಕಟ್ಟಿ ಕೂರಿಸೋಕೆ ಒಂದು ಗಂಟೆ ಬೇಕು, ಇರೋದು ಹತ್ತು ನಿಮಿಷ. ಮ್ಯಾನೇಜರು ಗಡಿಯಾರದ ಕೆಳಗೇ ನಿಂತಿದಾರೆ. ನೀವು ಫೋನ್ ಇಡಿ. ನಾನು ಟೆಸ್ಟ್ ಓಡಿಸ್ತೀನಿ, ನಿಮಗೆ ಆ ಫೋನು ಬರುತ್ತೆ. ಕನ್ನಡಕ ಈಗಲೇ ಹಾಕ್ಕೊಳ್ಳಿ. ಎರಡು ಒತ್ತಿ. ಹಸಿರು ಬಂತು ಅಂದ್ರೆ ನಾಲ್ಕು ದಿನದ ಕೆಲಸ ದಡ ಸೇರುತ್ತೆ. ಒಂದೇ ಸಲ. ಆಯ್ತಾ?

... ಹಾಂ?

... ಇಲ್ಲ ಮಾವ, ಅಭ್ಯಾಸ ಮುಗೀತು. ಈಗ ನಿಜವಾಗ್ಲೂ ಕೇಳ್ತಿದೀನಿ.

... ಬೇಡ ಅಂದ್ರೆ?

... ಅದನ್ನ ನನ್ನ ಮೇಲೆ ಹೇಳೋಕಲ್ಲ ಹೇಳ್ಕೊಟ್ಟಿದ್ದು. ... ಹಾಗನ್ನೋಕೆ ಚೆನ್ನಾಗಿದೆಯಾ. ಇರಬಹುದು. ನಾಳೆಯಿಂದ ಅನ್ನಿ, ಅತ್ತೆಗೆ ಅನ್ನಿ, ಮೂರು ಗಂಟೆ ಆದ್ಮೇಲೆ ಯಾರಿಗೆ ಬೇಕಾದ್ರೂ ಅನ್ನಿ. ... ನಲವತ್ತಾರು ಸಲ ಸಾಕಾ. ಇನ್ನು ಯಾವ ಫೋನೂ ಎತ್ತಲ್ವಾ.

... ಸ್ವಿಚ್ ಆಫ್ ಮಾಡ್ತೀರಾ? ಮಾವ, ಬೇಡ. ... ಕೆಂಪು ಗುಂಡಿ ಮುಟ್ಟಬೇಡಿ ಮಾವ. ಮಾವ, ಬೇಡ ಅಂದೆ, ಬೇ...