ಅಗಲವಾಗದ ದವಡೆ

ಹಲ್ಲಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಕುಳಿತಿದ್ದರು. ಮಗಳು ಶಾಲೆಯ ಟೀಚರು; ವಯಸ್ಸು ಮೂವತ್ತೈದರ ಆಸುಪಾಸು.

"ಈ ವಯಸ್ಸಲ್ಲಿ ದವಡೆ ಅಗಲ ಮಾಡಿಸ್ಕೊಂಡು ಏನಾಗ್ಬೇಕಿದೆ?" ಎಂದರು ತಾಯಿ.

"ಅಗಿದು ಊಟ ಮಾಡ್ಬೇಕಿದೆ. ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ಎಣ್ಣೆ ಸೀಗೆಕಾಯಿ."

"ನಿನ್ನ ತಮ್ಮನಿಗೆ ಅಂಗುಳಕ್ಕೆ ಒಂದು ತಿರುಪು ಕೂರಿಸಿದ್ರು. ದಿನಾ ನಾನೇ ಕೀಲಿ ತಿರುಗಿಸ್ತಿದ್ದೆ. ಅಷ್ಟಕ್ಕೇ ಸರಿಹೋಯ್ತು."

"ಅವನಿಗಾಗ ಒಂಬತ್ತು ವರ್ಷ. ಎಲುಬು ಇನ್ನೂ ಬೆಸೆದುಕೊಂಡಿರಲಿಲ್ಲ."

"ನಿಂಗೂ ಆಗ್ಲೇ ಮಾಡಿಸಬಹುದಿತ್ತು."

"ಡಾಕ್ಟ್ರು ಇಬ್ಬರಿಗೂ ಮಾಡಿಸಿ ಅಂದಿದ್ರು. ಹೆಣ್ಣುಮಗೀಗೆ ಬಾಯಿ ಅಗಲ ಮಾಡ್ಸಿ ಯಾರ ಮನೆ ಹಾಳು ಮಾಡ್ಲಿ ಅಂದಿದ್ದು ನೀನೇ."

"ತಮಾಷೆಗೆ ಅಂದಿದ್ದು."

"ಆ ತಮಾಷೆಗೆ ಈಗ ಎಲುಬು ಕೊಯ್ಯಬೇಕು."

ತಾಯಿ ಸೆರಗು ಸರಿಪಡಿಸಿಕೊಂಡರು. "ಇಂಥ ಹೊತ್ತಲ್ಲಿ ನಿನ್ನ ತಮ್ಮನೊಬ್ಬ ಜೊತೆಗಿರ್ಬೇಕಿತ್ತು."

"ವಿಡಿಯೊ ಕಾಲ್ ಮಾಡಿ ಕರೆದೆ. ಪುರುಸೊತ್ತಿಲ್ಲ ಅಂತ ಬಾಯ್ತುಂಬ ನಕ್ಕ. ಹಲ್ಲೇನೋ ಮುತ್ತು ಪೋಣಿಸಿದ ಹಾಗಿದೆ."

ನರ್ಸ್ ಬಂದು, "ಆಪರೇಷನ್ ಆದ್ಮೇಲೆ ಒಂದು ವಾರ ಜಾಸ್ತಿ ಮಾತಾಡೋ ಹಾಗಿಲ್ಲ," ಎಂದಳು.

ತಾಯಿಯ ಮುಖ ಸ್ವಲ್ಪ ಅರಳಿತು. "ಆ ವಾರ ನಮ್ಮನೇಲೇ ಇರು. ಗಂಜಿ ಮಾಡಿ ಕೊಡ್ತೀನಿ."

"ಇರ್ತೀನಿ. ಹೇಳಬೇಕಾದ್ದನ್ನೆಲ್ಲ ಬರೆದು ಕೊಡ್ತೀನಿ. ನೀನು ಗಟ್ಟಿಯಾಗಿ ಓದ್ಬೇಕು."

ತಾಯಿ ಮಗಳ ಚೀಲ ಎತ್ತಿಕೊಂಡರು. ಇಬ್ಬರೂ ನರ್ಸ್ ಹಿಂದೆ ಒಳಗೆ ಹೋದರು.